ಗೋಧಿಯ ಕಾಯಿಲೆ, ಕರುಳಿನ ಗೆಡ್ಡೆ: ಯಾವುದು ಮೊದಲು?

1922ರಲ್ಲಿ ನೀಲ್ ಹ್ಯಾಮಿಲ್ಟನ್ ಫೇರ್ಲಿ ಎಂಬ ಆಸ್ಟ್ರೇಲಿಯಾದ ಯುವ ವೈದ್ಯರು ಮುಂಬಯಿಗೆ ಬಂದರು. ಉಷ್ಣವಲಯದ ಕಾಯಿಲೆಗಳನ್ನು ಕಲಿಸುವ ಟಾಟಾ ಪ್ರಾಧ್ಯಾಪಕ ಹುದ್ದೆ ಕೊಡುತ್ತೇವೆಂದು ಅವರನ್ನು ಕರೆಸಿದ್ದರು. ಬಂದು ನೋಡಿದರೆ ಆ ಯೋಜನೆಯೇ ಬಿದ್ದುಹೋಗಿತ್ತು. ವಾಪಸು ಹೋಗುವ ಬದಲು ಫೇರ್ಲಿ ಅಲ್ಲಿನ ಬ್ಯಾಕ್ಟೀರಿಯಾ ಪ್ರಯೋಗಾಲಯ ಸೇರಿದರು. ಇಂದು ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎನ್ನುತ್ತಾರಲ್ಲ, ಅದೇ. ಅಲ್ಲಿ ಅವರ ಕಣ್ಣಿಗೆ ಬಿದ್ದ ಕಾಯಿಲೆಗಳಲ್ಲಿ ಸ್ಪ್ರೂ ಒಂದು. ನಾಲಗೆ ಹುಣ್ಣಾಗುವುದು, ಬಿಳಿಚಿದ, ಕೊಬ್ಬು ತುಂಬಿದ ನೊರೆಭೇದಿ, ಉಂಡದ್ದು ಮೈಗೆ ಹತ್ತದೆ ದಿನದಿಂದ ದಿನಕ್ಕೆ ಸೊರಗುವುದು ಅದರ ಲಕ್ಷಣ. ಅಧ್ಯಯನ ಮಾಡುತ್ತಿದ್ದವರಿಗೇ ಅದು ಅಂಟಿಕೊಂಡಿತು. 1925ರಲ್ಲಿ ಫೇರ್ಲಿ ರೋಗಿಯಾಗಿ ಇಂಗ್ಲೆಂಡಿನ ಹಡಗು ಹತ್ತಿದರು.

ಚೇತರಿಸಿಕೊಂಡು ಲಂಡನ್ನಿನಲ್ಲಿ ನೆಲೆಯೂರಿದ ಮೇಲೂ ಆ ಕೊಬ್ಬುಭೇದಿ ಅವರ ತಲೆಯಿಂದ ಹೋಗಲಿಲ್ಲ. ಸ್ಪ್ರೂ ಎಂದು ಆಸ್ಪತ್ರೆಗೆ ಬರುತ್ತಿದ್ದ ಕೆಲವರು ಯಾವ ಉಪಚಾರಕ್ಕೂ ಬಗ್ಗದೆ ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದರೆ ಕರುಳಿಗೆ ಅಂಟಿಕೊಂಡ ಪೊರೆಯಲ್ಲಿನ ದುಗ್ಧಗ್ರಂಥಿಗಳು ಕ್ಯಾನ್ಸರಿನಿಂದ ಊದಿಕೊಂಡಿರುತ್ತಿದ್ದವು. 1937ರಲ್ಲಿ ಫೇರ್ಲಿ ಮತ್ತು ಅವರ ಮುಂಬಯಿ ದಿನಗಳ ಸಹೋದ್ಯೋಗಿ ಎಫ್. ಪಿ. ಮ್ಯಾಕಿ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ ರೋಗಿಗಳ ಬಗ್ಗೆ ಬರೆದರು. ಅವರ ತರ್ಕ ಸರಳ. ನಾವು ತಿಂದ ಕೊಬ್ಬು ಕರುಳಿನಿಂದ ರಕ್ತಕ್ಕೆ ಸೇರುವುದು ದುಗ್ಧನಾಳಗಳ ದಾರಿಯಲ್ಲಿ. ದಾರಿಯಲ್ಲಿರುವ ಗ್ರಂಥಿಗಳನ್ನು ಗೆಡ್ಡೆ ಮುಚ್ಚಿಹಾಕಿದರೆ ಕೊಬ್ಬು ಮುಂದೆ ಹೋಗುವುದು ಹೇಗೆ? ಮಲದಲ್ಲಿ ಹೊರಬೀಳುತ್ತದೆ. ಎಂಬತ್ತು ವರ್ಷ ಹಿಂದೆ, 1855ರಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯ ವಿಲಿಯಂ ಗಲ್ ಕೂಡ ಗ್ರಂಥಿರೋಗದಿಂದ ಕೊಬ್ಬಿನ ಮಲ ಬರುವುದನ್ನು ವರದಿ ಮಾಡಿದ್ದರು. ಹೀಗೆ ಒಂದು ಕ್ರಮ ನಿಶ್ಚಯವಾಯಿತು: ಗೆಡ್ಡೆ ಮೊದಲು, ಭೇದಿ ಆಮೇಲೆ. ಮುಂದಿನ ಇಪ್ಪತ್ತೈದು ವರ್ಷ ಪಠ್ಯಪುಸ್ತಕಗಳು ಇದನ್ನೇ ಹೇಳಿದವು.

ಈ ಕಾಲದಲ್ಲಿ ಇನ್ನೊಂದು ಕಥೆ ಮಕ್ಕಳ ವಾರ್ಡುಗಳಲ್ಲಿ ನಡೆಯುತ್ತಿತ್ತು. ಎರಡೂ ಒಂದೇ ಕಾಯಿಲೆಯ ಎರಡು ತುದಿ ಎಂಬುದು ಆಗ ಇನ್ನೂ ಖಚಿತವಾಗಿರಲಿಲ್ಲ.

ಸ್ಯಾಮ್ಯುಯೆಲ್ ಗೀ 1887ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟರು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಬಿಳಿಚಿದ ನಾರುವ ಮಲ ಹೋಗುವ ಸೀಲಿಯಾಕ್ ಎಂಬ ಕಾಯಿಲೆಯನ್ನು ವಿವರಿಸಿದರು. ಇದು ವಾಸಿಯಾಗುವುದಾದರೆ ಪಥ್ಯದಿಂದಲೇ ಆಗಬೇಕು ಎಂದೂ ಹೇಳಿದರು. ಅವರು ಕಂಡ ಒಂದು ಮಗು ದಿನಕ್ಕೆ ಒಂದು ಲೀಟರಿಗೂ ಮಿಕ್ಕಿದ ಅಳತೆಯಷ್ಟು ಹಾಲೆಂಡಿನ ಕಪ್ಪೆಚಿಪ್ಪಿನ ಮಾಂಸ ತಿಂದು ಚೆನ್ನಾಗಿ ಮೈತುಂಬಿಕೊಂಡಿತ್ತು. ಕಪ್ಪೆಚಿಪ್ಪಿನ ಕಾಲ ಮುಗಿಯಿತು, ಮಗು ಮತ್ತೆ ಮಲಗಿತು. ಗೀ ಉತ್ತರದ ಹೊಸ್ತಿಲವರೆಗೂ ಬಂದಿದ್ದರು ಎಂದು ಈಗ ನಮಗೆ ಅನಿಸುತ್ತದೆ. ಆದರೆ ಆ ಮಗು ಏನು ತಿಂದಿತೆಂದು ಎಲ್ಲರೂ ನೋಡಿದರೇ ಹೊರತು ಏನನ್ನು ಬಿಟ್ಟಿತೆಂದು ನೋಡಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣು ತಿನ್ನಿಸಿ ಗುಣಪಡಿಸಿದಾಗಲೂ ಇದೇ ಆಯಿತು. ಬಾಳೆಹಣ್ಣಿನಲ್ಲಿ ಏನೋ ಔಷಧಿಗುಣ ಇದೆಯೆಂದು ಹಾಸ್ ಕೊನೆತನಕ ನಂಬಿದ್ದರು. ಚೇತರಿಸಿಕೊಂಡ ಮಕ್ಕಳು ಮತ್ತೆ ಬ್ರೆಡ್ಡಿಗೆ ಮರಳಿದರು. ಅವರ ಕರುಳಿನಲ್ಲಿ ಮುಂದೆ ಏನಾಯಿತೆಂದು ಲೆಕ್ಕ ಇಟ್ಟವರಿಲ್ಲ.

ಬಿಟ್ಟದ್ದನ್ನು ನೋಡಿದವರು ಹಾಲೆಂಡಿನ ವಿಲ್ಲೆಮ್ ಕಾರೆಲ್ ಡಿಕ್ಕೆ. ದಿ ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಗೆ 1936ರಲ್ಲಿ, ಮೂವತ್ತೊಂದರ ಹರೆಯದಲ್ಲೇ, ಮುಖ್ಯಸ್ಥರಾದವರು. ಅವರ ಬಗ್ಗೆ ಎಲ್ಲರೂ ಹೇಳುವ ಕಥೆಯೊಂದಿದೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಡಚ್ಚರು ಬ್ರೆಡ್ಡಿಲ್ಲದೆ ಟುಲಿಪ್ ಗೆಡ್ಡೆ ತಿಂದು ಬದುಕಿದರು. ಊರಿಗೆ ಊರೇ ಹಸಿದಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಗೆಲುವಾದರು. ವಿಮಾನದಿಂದ ಬ್ರೆಡ್ಡು ಬಂದು ಬಿದ್ದ ಕೂಡಲೇ ಮತ್ತೆ ಕಾಯಿಲೆ ಬಿದ್ದರು. ಕಥೆ ಚೆನ್ನಾಗಿದೆ, ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ನಿಜವೆಂದರೆ ಬ್ರೆಡ್ಡು ಬಿಡಿಸಿದಾಗ ಮಗು ಸುಧಾರಿಸಿತೆಂದು ತಾಯಿಯೊಬ್ಬಳು ಹೇಳಿದ್ದನ್ನು ಡಿಕ್ಕೆ ಯುದ್ಧಕ್ಕೆ ಮೊದಲೇ ಗಂಭೀರವಾಗಿ ತೆಗೆದುಕೊಂಡಿದ್ದರು. ಗೋಧಿಯಿಲ್ಲದ ಪಥ್ಯದ ಬಗ್ಗೆ 1941ರಲ್ಲೇ ಡಚ್ ಭಾಷೆಯಲ್ಲಿ ಬರೆದಿದ್ದರು. ಬರಗಾಲ ಅವರಿಗೆ ಹೊಸ ವಿಚಾರ ಕೊಡಲಿಲ್ಲ, ಇದ್ದ ಅನುಮಾನವನ್ನು ಗಟ್ಟಿಮಾಡಿತು. ಯುದ್ಧದ ನಂತರ ಉಟ್ರೆಕ್ಟಿನಲ್ಲಿ ವೇಯರ್ಸ್ ಮತ್ತು ವಾನ್ ಡೆ ಕಾಮರ್ ಜೊತೆ ಸೇರಿ ಮಕ್ಕಳ ಮಲವನ್ನು ದಿನದಿನವೂ ಕೂಡಿಹಾಕಿ, ಅದರಲ್ಲಿನ ಕೊಬ್ಬನ್ನು ಅಳೆದರು. ಗೋಧಿ ಕೊಟ್ಟ ದಿನಗಳಲ್ಲಿ ಕೊಬ್ಬು ಏರುತ್ತಿತ್ತು, ನಿಲ್ಲಿಸಿದರೆ ಇಳಿಯುತ್ತಿತ್ತು. 1950ರಲ್ಲಿ ಇದು ಡಿಕ್ಕೆಯವರ ಪ್ರಬಂಧವಾಯಿತು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯರು ಗೋಧಿಹಿಟ್ಟನ್ನು ತೊಳೆದು ಬೇರ್ಪಡಿಸಿ ನೋಡಿ, ತೊಂದರೆ ಪಿಷ್ಟದಲ್ಲಿಲ್ಲ, ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್‌ನಲ್ಲಿದೆ ಎಂದು ತೋರಿಸಿದರು.

ಇಷ್ಟಾದರೂ ಸೀಲಿಯಾಕ್ ಮಕ್ಕಳ ಕಾಯಿಲೆಯಾಗಿಯೇ ಉಳಿಯಿತು. ದೊಡ್ಡವರಲ್ಲಿ ಇಂಥದೇ ಭೇದಿ ಕಂಡರೆ ಅದಕ್ಕೆ ‘ಕಾರಣ ತಿಳಿಯದ ಕೊಬ್ಬುಭೇದಿ’ ಎಂಬ ಬೇರೆ ಕಡತ. ಎರಡು ಕಡತ ಒಂದಾಗಬೇಕಾದರೆ ಬದುಕಿರುವ ಮನುಷ್ಯನ ಕರುಳನ್ನು ನೋಡಬೇಕಿತ್ತು. ಸತ್ತ ಮೇಲೆ ನೋಡಿ ಪ್ರಯೋಜನವಿಲ್ಲ. ಕರುಳಿನ ಒಳಪೊರೆ ಸಾವಿನ ನಂತರ ಬೇಗ ಕರಗಿಹೋಗುತ್ತದೆ, ಕಂಡ ಹಾನಿ ಕಾಯಿಲೆಯದೋ ಸಾವಿನದೋ ಹೇಳಲಾಗದು. 1954ರಲ್ಲಿ ಇಪ್ಸ್‌ವಿಚ್‌ನ ಜಾನ್ ಪಾಲಿ ಹೊಟ್ಟೆ ಕೊಯ್ದ ಶಸ್ತ್ರಚಿಕಿತ್ಸೆಗಳಲ್ಲಿ ತೆಗೆದ ಕರುಳ ಚೂರುಗಳನ್ನು ನೋಡಿ, ಇಂಥ ರೋಗಿಗಳ ಒಳಪೊರೆಯೇ ಕೆಟ್ಟಿದೆ ಎಂದರು. ಎರಡೇ ವರ್ಷದಲ್ಲಿ ಲಂಡನ್ನಿನ ಮಾರ್ಗೋ ಶೈನರ್ ಬಾಯಿಯಿಂದಲೇ ಇಳಿಸುವ ಬಯಾಪ್ಸಿ ಕೊಳವೆ ಮಾಡಿದರು. 1957ರಲ್ಲಿ ಅಮೆರಿಕದ ಸೈನ್ಯದ ವೈದ್ಯ ವಿಲಿಯಂ ಕ್ರಾಸ್ಬಿಯ ಕ್ಯಾಪ್ಸೂಲ್ ಬಂತು.

ಈ ಕ್ಯಾಪ್ಸೂಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತೆಳ್ಳನೆಯ ಉದ್ದ ಕೊಳವೆಯ ತುದಿಗೆ ಕಟ್ಟಿದ ಪುಟ್ಟ ಲೋಹದ ಗುಂಡು. ಅದರ ಪಕ್ಕದಲ್ಲೊಂದು ಕಿಂಡಿ, ಒಳಗೆ ಸ್ಪ್ರಿಂಗಿಗೆ ಸಿಕ್ಕಿಸಿದ ಅಲಗು. ರೋಗಿ ಅದನ್ನು ನುಂಗಿ, ಬಾಯಿಯಂಚಿಗೆ ಕೊಳವೆ ಅಂಟಿಸಿಕೊಂಡು ಗಂಟೆಗಟ್ಟಲೆ ಕಾಯಬೇಕಿತ್ತು. ಗುಂಡು ಜಠರ ದಾಟಿ ಸಣ್ಣ ಕರುಳು ತಲುಪಿತೆಂದು ಎಕ್ಸ್‌ರೇಯಲ್ಲಿ ಖಾತ್ರಿಯಾದ ಮೇಲೆ ವೈದ್ಯರು ಹೊರತುದಿಯಲ್ಲಿ ಸಿರಿಂಜಿನಿಂದ ಗಾಳಿ ಎಳೆಯುತ್ತಿದ್ದರು. ಒಳಪೊರೆಯ ಚೂರು ಕಿಂಡಿಯೊಳಕ್ಕೆ ಉಬ್ಬುತ್ತಿತ್ತು, ಅಲಗು ಸುತ್ತಿ ಕತ್ತರಿಸುತ್ತಿತ್ತು. ಆ ಚೂರನ್ನು ನೀರಿನಲ್ಲಿ ತೇಲಿಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಆರೋಗ್ಯವಂತರ ಕರುಳು ಭತ್ತದ ಸಸಿಮಡಿಯಂತೆ ಕಾಣುತ್ತದೆ: ಒತ್ತೊತ್ತಾಗಿ ಎದ್ದುನಿಂತ ಸೂಕ್ಷ್ಮ ಬೆರಳುಗಳು. ಸೀಲಿಯಾಕ್ ಇದ್ದವರಲ್ಲಿ ಆ ಸಸಿಗಳೇ ಇಲ್ಲ. ಬಿರುಕುಬಿಟ್ಟ ಬೋಳು ನೆಲ. ಮಗುವಾಗಲಿ, ಐವತ್ತರ ರೈತನಾಗಲಿ, ಚಿತ್ರ ಒಂದೇ. ಸಿಯಾಟಲ್‌ನ ಸೈರಸ್ ರೂಬಿನ್ 1960ರಲ್ಲಿ ಇದನ್ನು ಸ್ಪಷ್ಟಪಡಿಸಿದಾಗ ಎರಡು ಕಡತಗಳೂ ಒಂದಾದವು.

ಇನ್ನು ಫೇರ್ಲಿಯ ಕ್ರಮವನ್ನು ಪ್ರಶ್ನಿಸುವುದಷ್ಟೇ ಬಾಕಿ. ಅದನ್ನು ಮಾಡಿದವರು ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಮೂವರು ವೈದ್ಯರು: ಗೌ, ರೀಡ್ ಮತ್ತು ನೇಶ್. 1962ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಇದೇ ವರ್ಷ ಡಿಕ್ಕೆ ತೀರಿಕೊಂಡರು, ಐವತ್ತೇಳರಲ್ಲಿ. ಕೊಬ್ಬುಭೇದಿಯ ಜೊತೆ ಕರುಳ ಗೆಡ್ಡೆಯೂ ಇದ್ದ ರೋಗಿಗಳ ಕಡತ ತಿರುವಿಹಾಕಿದ ಈ ಮೂವರು ತೀರಾ ಸಾದಾ ಪ್ರಶ್ನೆ ಕೇಳಿದರು. ಭೇದಿ ಯಾವಾಗ ಶುರುವಾಯಿತು, ಗೆಡ್ಡೆ ಯಾವಾಗ ಕಂಡಿತು? ಗೆಡ್ಡೆಯೇ ಕಾರಣವಾಗಿದ್ದರೆ ಅದಕ್ಕಿಂತ ಬಹಳ ಮೊದಲೇ ಭೇದಿ ಹೇಗೆ ಬಂತು? ಗೆಡ್ಡೆಯಿಂದ ದೂರ ಇರುವ ಕರುಳಿನಲ್ಲೂ ಒಳಪೊರೆ ಬೋಳಾಗಿರುವುದೇಕೆ? ಅವರು ಬಾಣದ ತುದಿಯನ್ನು ತಿರುಗಿಸಿದರು. ಸೀಲಿಯಾಕ್ ಮೊದಲು, ಗೆಡ್ಡೆ ಅದರ ಉಪದ್ರವ.

ಇದನ್ನು ಓದುವಾಗ ಹೊಸ ಉಪಕರಣಕ್ಕಿಂತ ಹೆಚ್ಚಾಗಿ ಹಳೆಯ ಕೇಸ್‌ಶೀಟುಗಳ ತಾರೀಖುಗಳು ಈ ಕೆಲಸ ಮಾಡಿದವೆಂದು ನನಗೆ ಅನಿಸುತ್ತದೆ. ಫೇರ್ಲಿ ದಡ್ಡರಲ್ಲ. ಮುಂದೆ ಯುದ್ಧಕಾಲದಲ್ಲಿ ಆಸ್ಟ್ರೇಲಿಯಾದ ಸೈನ್ಯವನ್ನು ಮಲೇರಿಯಾದಿಂದ ಉಳಿಸಿದವರಲ್ಲಿ ಅವರು ಮೊದಲ ಸಾಲಿನವರು. ಆದರೆ ಅವರ ಮುಂದಿದ್ದ ಸಾಕ್ಷ್ಯ ಶವಪರೀಕ್ಷೆಯ ಮೇಜಿನದು, ಮತ್ತು ಅಲ್ಲಿ ಎಲ್ಲವೂ ಒಟ್ಟಿಗೆ ಸಿಗುತ್ತದೆ. ಯಾವುದು ಮೊದಲು ಬಂತೆಂದು ಹೆಣ ಹೇಳುವುದಿಲ್ಲ.

ಬರ್ಮಿಂಗ್‌ಹ್ಯಾಮಿನ ಟ್ರೆವರ್ ಕುಕ್ ಈ ಮಾತಿಗೆ ಸಂಖ್ಯೆಗಳ ಬಲ ಕೊಟ್ಟರು. ಅವರದು ಒಂದೇ ಊರಿನಲ್ಲಿ ನಿಂತು ಅವೇ ರೋಗಿಗಳನ್ನು ದಶಕಗಟ್ಟಲೆ ನೋಡುವ ಜಾಯಮಾನ. 1967ರಲ್ಲಿ ಅವರ ತಂಡ 202 ರೋಗಿಗಳ ಲೆಕ್ಕ ಒಪ್ಪಿಸಿತು. ಅವರಲ್ಲಿ ಲಿಂಫೋಮಾ ಎಂಬ ದುಗ್ಧಕಣಗಳ ಕ್ಯಾನ್ಸರ್ ಮತ್ತು ಅನ್ನನಾಳ, ಕರುಳುಗಳ ಕ್ಯಾನ್ಸರ್ ನಿರೀಕ್ಷೆಗೆ ಮೀರಿ ಕಂಡಿದ್ದವು. ಇದರ ಬೆನ್ನಿಗೇ ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ ಎದ್ದಿತು. ಗೋಧಿ ಬಿಟ್ಟರೆ ಗೆಡ್ಡೆ ತಪ್ಪುತ್ತದೆಯೇ? 1976ರಲ್ಲಿ ಜೆಫ್ರಿ ಹೋಮ್ಸ್ ಮತ್ತು ಕುಕ್ ಕೊಟ್ಟ ಉತ್ತರ ನಿರಾಶೆ ತರುವಂಥದ್ದು: ಪಥ್ಯದಿಂದ ಅಂಥ ವ್ಯತ್ಯಾಸ ಕಾಣುತ್ತಿಲ್ಲ. ಅವರು ಲೆಕ್ಕದ ಪುಸ್ತಕ ಮುಚ್ಚಲಿಲ್ಲ, ಅದೇ ದೊಡ್ಡದು. 1989ರಲ್ಲಿ ಹೋಮ್ಸ್ 210 ರೋಗಿಗಳ ಲೆಕ್ಕವನ್ನು ಮತ್ತೆ ತೆರೆದರು. ಐದು ವರ್ಷ ಅಥವಾ ಹೆಚ್ಚು ಕಾಲ ಕಟ್ಟುನಿಟ್ಟಾಗಿ ಗ್ಲುಟೆನ್ ಬಿಟ್ಟವರ ಕ್ಯಾನ್ಸರ್ ಅಪಾಯ ಊರಿನ ಉಳಿದವರಷ್ಟೇ ಇತ್ತು. ಅಲ್ಪಸ್ವಲ್ಪ ತಿನ್ನುತ್ತಿದ್ದವರಲ್ಲಿ, ಪಥ್ಯವನ್ನೇ ಮಾಡದವರಲ್ಲಿ ಲಿಂಫೋಮಾದ ಅಪಾಯ ಹಲವು ಪಟ್ಟು ಹೆಚ್ಚಿತ್ತು. ‘ಹಬ್ಬಕ್ಕೊಂದು ದಿನ ತಿಂದರೆ ಏನಾಗುತ್ತೆ’ ಎನ್ನುವ ರೋಗಿಗೆ ವೈದ್ಯರು ಗಂಟಲೇರಿಸಿ ಹೇಳುವ ಬುದ್ಧಿಮಾತಿನ ಹಿಂದೆ ಬರ್ಮಿಂಗ್‌ಹ್ಯಾಮಿನ ಈ ಲೆಕ್ಕವಿದೆ.

ಅಷ್ಟರಲ್ಲಿ ಪ್ಯಾಥಾಲಜಿಸ್ಟುಗಳ ನಡುವೆ ಬೇರೆಯದೇ ಜಗಳ. ಈ ಗೆಡ್ಡೆ ಯಾವ ಕಣದ್ದು? ಬ್ರಿಸ್ಟಲ್‌ನವರು ಇದನ್ನು ‘ರೆಟಿಕ್ಯುಲೋಸಿಸ್’ ಎಂದಿದ್ದರು, ಅಂದರೆ ಗೊತ್ತಿಲ್ಲದ್ದಕ್ಕೆಲ್ಲ ಹಚ್ಚುವ ಚೀಟಿ. 1978ರಲ್ಲಿ ಸೌತಾಂಪ್ಟನ್ನಿನ ಪೀಟರ್ ಐಸಾಕ್ಸನ್ ಮತ್ತು ಡೆನಿಸ್ ರೈಟ್ ಕಣಗಳ ಆಕಾರ ನೋಡಿ, ಇವು ಹಿಸ್ಟಿಯೋಸೈಟ್ ಎಂಬ ಭಕ್ಷಕ ಕಣಗಳ ಕ್ಯಾನ್ಸರ್ ಎಂದು ತೀರ್ಮಾನಿಸಿದರು. ರೈಟ್ ಹಿಂದೆ ಉಗಾಂಡಾದಲ್ಲಿ ಬರ್ಕಿಟ್ ಲಿಂಫೋಮಾ ಕುರಿತು ಕೆಲಸ ಮಾಡಿದವರು, ಹಾಗಾಗಿ ಅವರ ಮಾತಿಗೆ ತೂಕವಿತ್ತು. ಆದರೂ ಆಕಾರ ಮೋಸ ಮಾಡಿತ್ತು. 1985ರಲ್ಲಿ ಐಸಾಕ್ಸನ್ ಮತ್ತು ಆಕ್ಸ್‌ಫರ್ಡಿನವರೂ ಸೇರಿದ್ದ ತಂಡ ಗೆಡ್ಡೆಯ ಡಿಎನ್‌ಎ ತೆಗೆದು ನೋಡಿತು. ಟಿ ಕಣಗಳೆಂಬ ಬಿಳಿರಕ್ತಕಣಗಳಲ್ಲಿ ಮಾತ್ರ ಆಗುವ ಜೀನುಗಳ ಮರುಜೋಡಣೆ ಅಲ್ಲಿ ಎದ್ದುಕಂಡಿತು. ಏಳು ವರ್ಷ ಹಿಂದೆ ತಾವೇ ಇಟ್ಟ ಹೆಸರನ್ನು ತಾವೇ ಅಳಿಸಿ ಅವರು ಹೊಸ ಲೇಖನ ಪ್ರಕಟಿಸಿದರು. ಮರುವರ್ಷ ಡಬ್ಲಿನ್ನಿನ ಕ್ಲಿಯೋನಾ ಓಫ್ಯಾರೆಲಿ, ಕಾನ್ಲೆತ್ ಫಿಯರಿ ಮತ್ತು ಸಂಗಡಿಗರು ಇಂದಿಗೂ ಚಾಲ್ತಿಯಲ್ಲಿರುವ ಹೆಸರನ್ನು ಬಳಕೆಗೆ ತಂದರು: ಎಂಟರೋಪತಿ ಅಸೋಸಿಯೇಟೆಡ್ ಟಿ-ಸೆಲ್ ಲಿಂಫೋಮಾ. ವಾರ್ಡಿನಲ್ಲಿ ಎಲ್ಲರೂ ಇದನ್ನು ‘ಈಟಲ್’ ಎಂದು ಮುಗಿಸುತ್ತಾರೆ. 1995ರಲ್ಲಿ ಸೌತಾಂಪ್ಟನ್ನಿನವರು ಈ ಗೆಡ್ಡೆ ಬಂದವರಲ್ಲಿ ಸೀಲಿಯಾಕ್‌ನದೇ ಎಚ್‌ಎಲ್‌ಎ-ಡಿಕ್ಯೂ ಜೀನುಗಳಿರುವುದನ್ನು ತೋರಿಸಿದ ಮೇಲೆ ನಂಟಿನ ಬಗ್ಗೆ ತಕರಾರು ಉಳಿಯಲಿಲ್ಲ.

ಟಿ ಕಣ ಎಂದರೆ ಯಾವ ಟಿ ಕಣ? ಕರುಳಿನ ಹೊದಿಕೆಯ ಕಣಗಳ ಸಂದಿಗಳಲ್ಲಿ ಕಾವಲಿಗೆಂದೇ ಕೂತ ಲಿಂಫೋಸೈಟುಗಳಿವೆ. ಸೀಲಿಯಾಕ್‌ನಲ್ಲಿ ಇವು ಹಲವು ಪಟ್ಟಾಗುತ್ತವೆ. ಪ್ಯಾರಿಸಿನ ನಾದೀನ್ ಸೆರ್ಫ್-ಬೆನ್ಸುಸಾನ್ 1987ರಲ್ಲಿ ಈ ಕಣಗಳನ್ನು ಗುರುತಿಸುವ ಆಂಟಿಬಾಡಿಯೊಂದನ್ನು ರೂಪಿಸಿದರು. ಮುಂದಿನ ವರ್ಷವೇ ಅದು ಈಟಲ್ ಗೆಡ್ಡೆಗೂ ಅಂಟಿಕೊಂಡಿತು. ಇಲ್ಲಿಂದ ಕಥೆ ಪ್ಯಾರಿಸಿನಲ್ಲೇ ಮುಂದುವರಿಯುತ್ತದೆ. ಗೋಧಿ ಬಿಟ್ಟರೂ ಗುಣವಾಗದ ಕೆಲವೇ ಕೆಲವು ಸೀಲಿಯಾಕ್ ರೋಗಿಗಳನ್ನು ಕ್ರಿಸ್ತೋಫ್ ಸೆಲಿಯೆ ಮತ್ತು ಸೆರ್ಫ್-ಬೆನ್ಸುಸಾನ್ 1990ರ ದಶಕದ ಕೊನೆಯಲ್ಲಿ ಪರೀಕ್ಷಿಸಿದರು. ಅವರಲ್ಲಿ ಒಂದು ಗುಂಪಿನ ಲಿಂಫೋಸೈಟುಗಳು ನೋಡಲು ಸಾಮಾನ್ಯ, ಚಿಕ್ಕವು, ಶಾಂತ. ಆದರೆ ಅವುಗಳ ಮೇಲ್ಮೈಯಲ್ಲಿ ಇರಬೇಕಾದ ಗುರುತುಗಳೇ ಮಾಯ, ಮತ್ತು ಅವೆಲ್ಲ ಒಂದೇ ಕಣದ ಸಂತಾನ. ಗೆಡ್ಡೆ ಎಲ್ಲೂ ಇಲ್ಲ, ಆದರೆ ಗೆಡ್ಡೆಯ ಕುಲ ಆಗಲೇ ಕರುಳುದ್ದಕ್ಕೂ ಹರಡಿ ಕೂತಿದೆ. ಇದನ್ನು ಎರಡನೇ ಬಗೆಯ ಹಟಮಾರಿ ಸೀಲಿಯಾಕ್ ಎನ್ನುತ್ತಾರೆ. ಇದರಲ್ಲಿ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ಈಟಲ್‌ಗೆ ಜಾರುತ್ತಾರೆ. ಗ್ಲುಟೆನ್‌ಗೆ ಕೆರಳಿದ ಒಳಪೊರೆ ಸುರಿಸುವ ಇಂಟರ್‌ಲ್ಯೂಕಿನ್-15 ಎಂಬ ಸಂಕೇತ ಈ ಕಣಗಳನ್ನು ಸಾಯಲು ಬಿಡುವುದಿಲ್ಲ ಎಂದು 2003ರಲ್ಲಿ ಗೊತ್ತಾಯಿತು. 2016ರಲ್ಲಿ ಜಾಕ್1, ಸ್ಟ್ಯಾಟ್3 ಎಂಬ ಜೀನುಗಳ ರೂಪಾಂತರ ಸಿಕ್ಕಿತು. ಇವು ಆ ಸಂಕೇತವನ್ನೇ ಇನ್ನಷ್ಟು ಜೋರು ಮಾಡುತ್ತವೆ.

ಈಗ ಫೇರ್ಲಿಯ ಪಕ್ಷದ ವಕೀಲರು ಎದ್ದು ನಿಲ್ಲಬಹುದು. ಈ ಹಟಮಾರಿ ಹಂತದಲ್ಲಿ ಗೋಧಿ ಬಿಟ್ಟಾಗಿದೆ, ಆದರೂ ಭೇದಿ ನಿಂತಿಲ್ಲ, ಒಳಪೊರೆ ಬೋಳಾಗಿಯೇ ಇದೆ. ಅದನ್ನು ತಿನ್ನುತ್ತಿರುವುದು ಗ್ಲುಟೆನ್ ಅಲ್ಲ, ಕ್ಯಾನ್ಸರಿನ ಕುಲದ ಕಣಗಳೇ. ಅಂದರೆ ಇಲ್ಲಿ ಗೆಡ್ಡೆಯ ಬೀಜದಿಂದಲೇ ಭೇದಿ! ಗ್ರಂಥಿ ಮುಚ್ಚಿ ದಾರಿ ಕಟ್ಟಿತು ಎಂಬ ವಿವರಣೆ ತಪ್ಪೇ. ಆದರೂ 1937ರ ಕ್ರಮಕ್ಕೆ ಅರ್ಧ ಅಂಕ ಕೊಡಲೇಬೇಕು. ಸೀಲಿಯಾಕ್‌ನಿಂದ ಗೆಡ್ಡೆ, ಗೆಡ್ಡೆಯಿಂದ ಮತ್ತೆ ಸೀಲಿಯಾಕ್‌ನಂಥದೇ ಭೇದಿ: ಬ್ರಿಸ್ಟಲ್‌ನವರು ತಿರುಗಿಸಿದ ಬಾಣಕ್ಕೆ ಎರಡೂ ಕಡೆ ಮೊನೆ ಇತ್ತು.

ಈಟಲ್ ಬಂದವರ ಪಾಡು ಈ ಜಾಣ್ಮೆಯಿಂದ ಬಹಳ ಸುಧಾರಿಸಿದೆ ಎನ್ನಲಾರೆ. ಸಾಮಾನ್ಯವಾಗಿ ಐವತ್ತು-ಅರವತ್ತು ದಾಟಿದವರು. ಪಥ್ಯದಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದವರಿಗೆ ಭೇದಿ ಮರಳುತ್ತದೆ, ತೂಕ ಇಳಿಯುತ್ತದೆ, ಹೊಟ್ಟೆ ನೋಯುತ್ತದೆ. ಅನೇಕರಿಗೆ ತಮಗೆ ಸೀಲಿಯಾಕ್ ಇದೆಯೆಂದು ತಿಳಿಯುವುದೇ ಕರುಳು ತೂತುಬಿದ್ದೋ ಕಟ್ಟಿಕೊಂಡೋ ತುರ್ತು ಶಸ್ತ್ರಚಿಕಿತ್ಸೆಯಾದ ದಿನ. ಆಗ ಅವರ ಮೈ ಕೀಮೋಥೆರಪಿ ತಡೆಯುವಷ್ಟೂ ಇರುವುದಿಲ್ಲ. ಹಳೆಯ ಚಿಕಿತ್ಸೆಯಲ್ಲಿ ಐದು ವರ್ಷ ಬದುಕುತ್ತಿದ್ದವರು ಐವರಲ್ಲಿ ಒಬ್ಬರಷ್ಟೇ. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ವೈದ್ಯರು ತೀವ್ರ ಕೀಮೋ ಕೊಟ್ಟು, ರೋಗಿಯದೇ ಕಾಂಡಕಣಗಳನ್ನು ತಿರುಗಿ ಕಸಿ ಮಾಡುವ ಕ್ರಮವನ್ನು 2010ರಲ್ಲಿ ವರದಿ ಮಾಡಿದರು. ಅದನ್ನು ತಾಳಿಕೊಳ್ಳಬಲ್ಲ 26 ರೋಗಿಗಳಲ್ಲಿ ಐದು ವರ್ಷದ ಬದುಕು ಶೇಕಡಾ 60ಕ್ಕೆ ಏರಿತ್ತು. ತಾಳಿಕೊಳ್ಳಬಲ್ಲವರನ್ನೇ ಆರಿಸಿದ್ದರು ಎನ್ನುವುದನ್ನು ಮರೆಯಬಾರದು. ಆ ಪ್ರದೇಶದಲ್ಲೂ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು.

ನಮ್ಮ ಕಡೆ? ಭಾರತದ ಸೀಲಿಯಾಕ್ ಬಹುಕಾಲ ಸ್ಪ್ರೂವಿನ ನೆರಳಿನಲ್ಲಿ ಅಡಗಿತ್ತು. ಉತ್ತರ ಭಾರತದ ಮಕ್ಕಳಲ್ಲಿ ಇದಿದೆಯೆಂದು ವಾಲಿಯಾ ಮತ್ತು ಸಂಗಡಿಗರು 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಬರೆದರು. ದೇಶದ ಮೂರು ಕಡೆ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಸಮೀಕ್ಷೆ ಬಂದದ್ದು 2016ರಲ್ಲಿ. ಉತ್ತರದಲ್ಲಿ ಶೇಕಡಾ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ದಕ್ಷಿಣ ಎಂದರೆ ಇಲ್ಲಿ ವೆಲ್ಲೂರಿನ ಸುತ್ತಮುತ್ತ. ಜೀನುಗಳು ದಕ್ಷಿಣದವರಲ್ಲೂ ಹೆಚ್ಚುಕಡಿಮೆ ಉತ್ತರದವರಷ್ಟೇ ಇವೆ. ತಟ್ಟೆ ಬೇರೆ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ರಾಗಿಮುದ್ದೆಯಲ್ಲೂ ಜೋಳದ ರೊಟ್ಟಿಯಲ್ಲೂ ಅನ್ನದಲ್ಲೂ ಗ್ಲುಟೆನ್ ಇಲ್ಲ. ರಾತ್ರಿಯೂಟಕ್ಕೆ ಚಪಾತಿ ಖಾಯಂ ಆಗಿರುವ ಇಂದಿನ ಬೆಂಗಳೂರಿನ ಮನೆಗಳಿಗೆ ವೆಲ್ಲೂರಿನ ಆ 25 ಗ್ರಾಂ ಎಷ್ಟು ಹೊಂದುತ್ತದೋ ಅನುಮಾನ. ಗೆಡ್ಡೆಯ ವಿಚಾರಕ್ಕೆ ಬಂದರೆ, ಏಷ್ಯಾದಲ್ಲಿ ಹೆಚ್ಚಾಗಿ ಕಾಣುವ, ಈಟಲ್‌ನ ಎರಡನೇ ಬಗೆ ಎಂದು ಕರೆಯುತ್ತಿದ್ದ ಗೆಡ್ಡೆಗೆ ಸೀಲಿಯಾಕ್ ನಂಟಿಲ್ಲವೆಂದು ಖಚಿತವಾಗಿ, ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದೇ 2016ರಲ್ಲಿ ಅದನ್ನು ಬೇರೆ ಹೆಸರಿನಡಿ ಹೊರಗಿಟ್ಟಿತು.

ಪಥ್ಯ ಮಾಡಿದರೆ ಸಾಕೇ, ಕರುಳು ನಿಜವಾಗಿ ಮಾಗಿದೆಯೇ ಎಂದೂ ನೋಡಬೇಕೇ ಎಂಬುದು ಇತ್ತೀಚಿನ ಚರ್ಚೆ. ಸ್ವೀಡನ್ನಿನಲ್ಲಿ ಎರಡನೇ ಬಾರಿ ಬಯಾಪ್ಸಿ ಮಾಡಿಸಿಕೊಂಡಿದ್ದ 7,625 ಸೀಲಿಯಾಕ್ ರೋಗಿಗಳ ದಾಖಲೆಗಳನ್ನು ಬೆಂಜಮಿನ್ ಲೆಬ್‌ವೋಲ್ ತಂಡ 2013ರಲ್ಲಿ ಜಾಲಾಡಿತು. ಶೇಕಡಾ 43 ಮಂದಿಯ ಒಳಪೊರೆ ಇನ್ನೂ ಬೋಳಾಗಿಯೇ ಇತ್ತು. ಲಿಂಫೋಮಾದ ಹೆಚ್ಚಿನ ಅಪಾಯ ಬಹುಪಾಲು ಇವರದೇ. ಮಾಗಿದವರಲ್ಲಿ ಅದು ಬಹಳ ಕಡಿಮೆ. ಆರು ವರ್ಷದ ನಂತರ ಸೆಲಿಯೆ ಮತ್ತು ಸಂಗಡಿಗರು ಇಂಟರ್‌ಲ್ಯೂಕಿನ್-15ನ್ನು ತಡೆಯುವ ಆಂಟಿಬಾಡಿಯನ್ನು ಎರಡನೇ ಬಗೆಯ ಹಟಮಾರಿ ಸೀಲಿಯಾಕ್ ರೋಗಿಗಳ ಮೇಲೆ ಪ್ರಯೋಗಿಸಿದ ಫಲಿತಾಂಶ ಪ್ರಕಟಿಸಿದರು. ಇಷ್ಟು ಅಪರೂಪದ ಕಾಯಿಲೆಯಲ್ಲಿ ಸಿಕ್ಕವರು 28 ಜನ. ಔಷಧಿ ಪಡೆದವರಲ್ಲಿ ಭೇದಿ ಕೊಂಚ ತಗ್ಗಿತು. ಆದರೆ ಪ್ರಯೋಗದ ಮುಖ್ಯ ಗುರಿ ಆ ಕೆಟ್ಟ ಕಣಗಳ ಸಂಖ್ಯೆಯನ್ನು ಇಳಿಸುವುದಾಗಿತ್ತು, ಅದು ಈಡೇರಲಿಲ್ಲ.